ಎರಡನೇ ಸಾಲಿನ ನಾಲ್ಕನೇ ಬಿಲ್ಲೆ

ಮಾರ್ಚ್ 2, ಭಾನುವಾರ

ಬಂದಾಯಿತು. ಓಡೆನ್ಸೆ ಪಟ್ಟಣದ ಮೂರನೇ ಮಹಡಿಯ ಮನೆಯ ಬೀಗದ ಕೈಯನ್ನು ನಿನ್ನೆಯೇ ಕೊಟ್ಟುಬಿಟ್ಟಿದ್ದೇನೆ, ಇನ್ನು ಹಿಂದೆ ನೋಡಿ ಪ್ರಯೋಜನವಿಲ್ಲ. ಇಲ್ಲಿ ಅಂಗಳದ ಸುತ್ತ ಹದಿನೇಳು ಪುಟ್ಟ ಮನೆಗಳು. ಮಧ್ಯದಲ್ಲಿ ಎಲ್ಲರಿಗೂ ಸೇರಿದ ಅಡುಗೆಮನೆ, ಊಟದ ಕೋಣೆ ಇರುವ ಒಂದು ಕಟ್ಟಡ, ಅದು ನಡುಮನೆ. ಮನೆ ಅವರವರದು, ಬಾಗಿಲು ಅವರವರದು, ಸಂಜೆಯೂಟ ಮಾತ್ರ ಒಟ್ಟಿಗೆ. ನನ್ನದು ಹನ್ನೊಂದನೇ ನಂಬರು. ಎಪ್ಪತ್ತನಾಲ್ಕು ವರ್ಷಕ್ಕೆ ಮೊದಲ ಸಲ ನೆಲದ ಮೇಲಿನ ಮನೆ, ಕಿಟಕಿ ತೆರೆದರೆ ಹುಲ್ಲು.

ಇವರಿಗೆ ನಿಯಮಗಳೋ ನಿಯಮಗಳು. ಅರವತ್ತು ದಾಟಿರಬೇಕು. ಮೊದಲ ಆರು ತಿಂಗಳು ಪರೀಕ್ಷೆಯ ಕಾಲ. ಆಗಸ್ಟ್ ಕೊನೆಗೆ ನಾನು ಅವರಿಗೆ ಒಪ್ಪಿಗೆಯಾಗಿ ಅವರು ನನಗೆ ಒಪ್ಪಿಗೆಯಾದರೆ ಕರಾರಿಗೆ ಸಹಿ. ಹೊಸಬರಿಗೆ ಅಡುಗೆ ಸರದಿ ನಿಭಾಯಿಸುವ ಶಕ್ತಿ ಇರಲೇಬೇಕು.

"ಸೇರಿದ್ಮೇಲೆ ಕಾಯಿಲೆ ಬಿದ್ರೆ ನಾವಿದ್ದೀವಿ. ಕಾಯಿಲೆ ಇಟ್ಕೊಂಡು ಸೇರೋ ಹಾಗಿಲ್ಲ. ಇದು ಆಸ್ಪತ್ರೆ ಅಲ್ಲ ನೋಡು," ಅಂದಳು ರಿಗ್ಮೋರ್. ಶಾಲೆಯಲ್ಲಿ ನರ್ಸ್ ಆಗಿದ್ದವಳು, ಈಗ ಇಲ್ಲಿನ ಸಭೆ ನಡೆಸುವವಳು. ಇನ್ನೂ ಮಕ್ಕಳ ತಲೆಯಲ್ಲಿ ಹೇನು ಹುಡುಕುವ ದನಿ.

"ಮೈ ಗಟ್ಟಿಯಾಗಿದೆ," ಅಂದೆ. ಅದೇನೂ ಸುಳ್ಳಲ್ಲ. ಹೋಗುತ್ತಿರುವುದು ಕಣ್ಣು. ಎರಡೂ ಕಣ್ಣಿನ ನಡುಭಾಗ ಸವೆಯುತ್ತಿದೆ ಎಂದು ಡಾಕ್ಟರು ಜನವರಿಯಲ್ಲೇ ಹೇಳಿದ್ದಾರೆ. ಅಂಚಿನಲ್ಲಿ ಎಲ್ಲ ಕಾಣುತ್ತದೆ, ಯಾವುದನ್ನು ನೆಟ್ಟಗೆ ನೋಡುತ್ತೇನೋ ಅದು ಕಾಣುವುದಿಲ್ಲ. ದಪ್ಪ ಕಪ್ಪು ಪೆನ್ನು ಹಿಡಿದು, ಒಂದೊಂದು ಅಕ್ಷರವನ್ನೂ ಹೆಬ್ಬೆರಳಿನಷ್ಟು ಬರೆದರೆ ಇನ್ನೂ ಬರೆಯಬಲ್ಲೆ. ಅರ್ಜಿಯಲ್ಲಿ ಆರೋಗ್ಯ ಎಂದು ಇದ್ದ ಕಡೆ ‘ಚೆನ್ನಾಗಿದೆ’ ಎಂದು ಬರೆದೆ. ಈ ಪುಸ್ತಕಕ್ಕೆ ಬಿಟ್ಟು ಇನ್ನಾರಿಗೂ ಹೇಳುವ ಮಾತಲ್ಲ ಇದು.

ಮಾರ್ಚ್ 3, ಸೋಮವಾರ

ಬಿಲ್ಲೆಗಳ ವಿಷಯ ಬರೆಯಲೇಬೇಕು. ನಡುಮನೆಯ ಬಾಗಿಲ ಪಕ್ಕ ಒಂದು ಹಲಗೆ, ಅದರಲ್ಲಿ ಮೊಳೆಗೆ ತೂಗುಹಾಕಿದ ಮರದ ಬಿಲ್ಲೆಗಳು, ತಲೆಗೊಂದು. ಒಂದು ಮುಖ ಕೆಂಪು, ಇನ್ನೊಂದು ಬಿಳಿ, ಎರಡರ ಮೇಲೂ ಹೆಸರು. ಮಾಡಿದವನು ಎಬ್ಬೆ, ಬಡಗಿಯಾಗಿದ್ದವನು. ಹಲಗೆಯ ಮುಂದೆ ನಿಲ್ಲಿಸಿ ವಿವರಿಸಿದ.

"ರಾತ್ರಿ ಊಟ ಆದ್ಮೇಲೆ ಅಡುಗೆಯವರು ಎಲ್ಲಾನೂ ಕೆಂಪಿಗೆ ತಿರುಗಿಸ್ತಾರೆ. ಬೆಳಿಗ್ಗೆ ಒಂಬತ್ತರೊಳಗೆ ನೀನು ಬಂದು ನಿಂದನ್ನ ಬಿಳಿಗೆ ತಿರುಗಿಸ್ಬೇಕು. ಎದ್ದಿದ್ದೀನಿ ಅಂತ."

"ಮರೆತ್ರೆ?"

"ಒಂಬತ್ತಕ್ಕೆ ಫೋನು. ಎತ್ತದಿದ್ರೆ ಬಾಗಿಲು ಬಡೀತೀವಿ. ತೆಗೀದಿದ್ರೆ ನಮ್ಮ ಹತ್ರ ಇನ್ನೊಂದು ಕೀಲಿ ಇರುತ್ತೆ, ಒಳಗೆ ಬರ್ತೀವಿ."

"ಪೊಲೀಸ್ರ ಥರ."

"ಪೊಲೀಸ್ರು ಬರ್ತಾ ಕಾಫಿ ತರಲ್ಲ," ಅಂದ.

ಮೂವತ್ತಾರು ವರ್ಷ ಓಡೆನ್ಸೆ–ಸ್ವೆನ್‌ಬೊರ್ಗ್ ರೈಲಿನಲ್ಲಿ ಟಿಕೆಟ್ ನೋಡಿದವಳು ನಾನು. ಈಗ ದಿನಾ ಬೆಳಿಗ್ಗೆ ನಾನು ಬದುಕಿರುವುದಕ್ಕೆ ಟಿಕೆಟ್ ತೋರಿಸಬೇಕು. ಹೆಸರು ಓದಲು ಕಷ್ಟ, ಎಣಿಸುವುದು ಸುಲಭ. ಎರಡನೇ ಸಾಲು, ಎಡದಿಂದ ನಾಲ್ಕನೆಯದು.

ಮಾರ್ಚ್ 12

ಮೊದಲ ಅಡುಗೆ ಸರದಿ. ರಿಗ್ಮೋರ್, ಎಬ್ಬೆ, ನಾನು. ಇಪ್ಪತ್ತು ಜನಕ್ಕೆ ಹುರಿದ ಹಂದಿಮಾಂಸ, ಆಲೂಗಡ್ಡೆ, ಸೊಪ್ಪಿನ ಬಿಳಿ ಸಾರು. ಆಲೂಗಡ್ಡೆ ನಾನೇ ಸುಲಿಯುತ್ತೇನೆ ಅಂದೆ. ಕೈಗೆ ಗೊತ್ತಿರುವ ಕೆಲಸ, ಕಣ್ಣು ಬೇಕಿಲ್ಲ. ಒಂದು ಬುಟ್ಟಿ ಮುಗಿಸಿ ಆಕಡೆ ತಿರುಗುವಷ್ಟರಲ್ಲಿ ರಿಗ್ಮೋರ್ ಅದನ್ನೇ ಮತ್ತೆ ಎತ್ತಿಕೊಂಡು ಚಾಕುವಿನಿಂದ ಕೆರೆಯುತ್ತಿದ್ದಳು. ಇನ್ನೊಬ್ಬರು ಮಾಡಿದ ಕೆಲಸದಲ್ಲಿ ಕಲ್ಲು ಹುಡುಕುವ ಜಾತಿ. ನಾನೇನೂ ಹೇಳಲಿಲ್ಲ, ಹೊಸಬಳು.

ಊಟ ಮಾತ್ರ ಚೆನ್ನಾಗಿತ್ತು. ಗೋಡೆ ನೋಡದೆ ಉಂಡು ಎಷ್ಟು ಕಾಲವಾಗಿತ್ತೋ.

ಏಪ್ರಿಲ್ 4, ಶುಕ್ರವಾರ

ಕಣ್ಣಿಗೆ ಸೂಜಿ ಹಾಕಿಸಿಕೊಂಡು ಬಂದೆ. ಇವರಿಗೆ ಹಳೆಯ ಗೆಳತಿಯನ್ನು ನೋಡಲು ಹೋಗುತ್ತೇನೆ ಎಂದು ಹೇಳಿದ್ದೆ. "ಗೆಳತಿ ಹೇಗಿದ್ದಾಳೆ?" ಎಂದು ರಿಗ್ಮೋರ್ ಕೇಳಿದಳು. "ಸ್ವಲ್ಪ ಮಂಕಾಗಿದ್ದಾಳೆ," ಅಂದೆ. ಅವಳು ಮುಂದೆ ಕೇಳಲಿಲ್ಲ. ಇಲ್ಲಿ ಯಾರೂ ಮುಂದೆ ಕೇಳುವುದಿಲ್ಲ, ಅದೊಂದು ಪುಣ್ಯ.

ಟಿಕೆಟ್ ಇಲ್ಲದೆ ಹತ್ತಿದವರನ್ನು ನಾನು ಕತ್ತು ನೋಡಿಯೇ ಗುರುತಿಸುತ್ತಿದ್ದೆ. ಕಿಟಕಿಯಾಚೆಯ ಬೀಟ್‌ರೂಟ್ ಗದ್ದೆಯನ್ನು ಅಷ್ಟು ಆಸಕ್ತಿಯಿಂದ ಟಿಕೆಟ್ ಕೊಂಡವರು ಯಾರೂ ನೋಡುವುದಿಲ್ಲ. ಈಗ ನಾನೇ ಗದ್ದೆ ನೋಡುತ್ತಾ ಕೂತಿದ್ದೇನೆ.

ಏಪ್ರಿಲ್ 23

ಎಬ್ಬೆ ನನ್ನ ಮನೆಯ ಮೆಟ್ಟಿಲ ಅಂಚಿಗೆ ಹಳದಿ ಬಣ್ಣ ಬಳಿದಿದ್ದಾನೆ. ಮೊಟ್ಟೆಯ ಹಳದಿ. ಕೇಳಿದ್ದಕ್ಕೆ "ಡಬ್ಬಿಯಲ್ಲಿ ಮಿಕ್ಕಿತ್ತು" ಅಂದ. ಹದಿನೇಳು ಮನೆಯಿರುವಾಗ ಮಿಕ್ಕ ಬಣ್ಣಕ್ಕೆ ನನ್ನ ಮೆಟ್ಟಿಲೇ ಬೇಕಿತ್ತೇ. ಆದರೂ ಒಪ್ಪಬೇಕು, ಬಂದಾಗಿನಿಂದ ಎರಡು ಸಲ ಎಡವಿದ್ದ ಜಾಗ, ಈಗ ಎಡವುತ್ತಿಲ್ಲ.

ಪಕ್ಕದ ಹನ್ನೆರಡನೇ ನಂಬರಿನ ಎಸ್ಕಿಲ್ ಜೊತೆ ಬೆಂಚಿನ ಮೇಲೆ ಕೂತಿದ್ದೆ. ಎಂಬತ್ತೊಂದು ವರ್ಷ, ದನದ ಡಾಕ್ಟರಾಗಿದ್ದವನು. ಮಾತು ಕಡಿಮೆ, ಸಿಳ್ಳೆ ಜಾಸ್ತಿ, ಸಿಳ್ಳೆಯಲ್ಲಿ ರಾಗ ಇಲ್ಲ. ಗೋಡೆ ತೆಳು, ಬೆಳಿಗ್ಗೆ ಏಳಕ್ಕೆ ಅವನ ಸಿಳ್ಳೆ ಕೇಳಿಸುತ್ತದೆ. ಗೊಣಗುತ್ತಲೇ ಏಳುತ್ತೇನೆ, ಆದರೆ ಏಳುತ್ತೇನೆ.

ಮೇ 15

ವಾರದ ಅಡುಗೆ ಪಟ್ಟಿಯನ್ನು ಈಗ ಅಂಗೈಯಗಲದ ಅಕ್ಷರದಲ್ಲಿ ಬರೆದು ಅಂಟಿಸುತ್ತಿದ್ದಾರೆ. ಒಂದನೇ ಕ್ಲಾಸಿನ ಮಕ್ಕಳಿಗೆ ಬರೆದ ಹಾಗೆ. ಮುದುಕರಾದರೆ ಬುದ್ಧಿಯೂ ಹೋಗುತ್ತದೆ ಎಂದುಕೊಂಡಿದ್ದಾರೋ ಏನೋ. ಬುಧವಾರ ಮೀನು, ಶುಕ್ರವಾರ ನಾವು.

ಜೂನ್ 23

ಅಂಗಳದಾಚೆಯ ಬಯಲಿನಲ್ಲಿ ನಡುಬೇಸಿಗೆಯ ಬೆಂಕಿ. ಸುಡುವುದಕ್ಕೆಂದು ಎಬ್ಬೆ ಮಾಡಿದ ಹುಲ್ಲಿನ ಮಾಟಗಾತಿ ಬೊಂಬೆಗೆ ರಿಗ್ಮೋರಳ ಹಳೆಯ ಲಂಗ ಉಡಿಸಿದ್ದರು. ಎಸ್ಕಿಲ್ ನನ್ನ ಪಕ್ಕ ನಿಂತವನು ಇದ್ದಕ್ಕಿದ್ದಂತೆ ಮಾತಿನ ಮಲ್ಲನಾಗಿಬಿಟ್ಟ.

"ಈಗ ಲಂಗದ ಅಂಚಿಗೆ ಹತ್ತಿಕೊಂಡ್ತು. ಟೋಪಿ ಒಂದ್ಕಡೆ ವಾಲ್ತಾ ಇದೆ. ಎಬ್ಬೆ ಬಕೆಟ್ ಹಿಡ್ಕೊಂಡು ಹಿಂದೆ ಹಿಂದೆ ಹೋಗ್ತಿದ್ದಾನೆ, ಅವನ ಹುಬ್ಬು ಸುಡುತ್ತೆ ಈಗ."

"ನಿನಗೆ ಬಿಯರ್ ಏರಿದೆ," ಅಂದೆ.

"ಇರ್ಬೋದು," ಅಂದ. ಕೊನೆಯ ಕೊಳ್ಳಿ ಬೀಳುವವರೆಗೂ ಹೇಳುತ್ತಲೇ ಇದ್ದ.

ಬೆಂಕಿಯ ಬಿಸಿ ಮುಖಕ್ಕೆ ಬಡಿಯುತ್ತಿತ್ತು, ಸುತ್ತ ಎಲ್ಲರೂ ಹಾಡುತ್ತಿದ್ದರು, ನಾನೂ ಹಾಡಿದೆ. ಎಷ್ಟು ಸುಖವಾಗಿತ್ತು ಎಂದರೆ ಮನೆಗೆ ಬಂದ ಮೇಲೆ ಹೆದರಿಕೆಯಾಯಿತು. ಇನ್ನು ಎರಡು ತಿಂಗಳು, ಅಷ್ಟೇ. ಸಹಿ ಬಿದ್ದುಬಿಟ್ಟರೆ ಆಮೇಲೆ ಕಣ್ಣು ಹೋದರೂ ಯಾರೂ ನನ್ನನ್ನು ಎಬ್ಬಿಸುವ ಹಾಗಿಲ್ಲ. ಈ ಜಾಗ ನನಗೆ ಬೇಕು. ಇಷ್ಟು ನಾಚಿಕೆಗೆಟ್ಟು ಯಾವುದನ್ನೂ ನಾನು ಬೇಕೆಂದಿರಲಿಲ್ಲ.

ಜುಲೈ 19

ಒಂಬತ್ತನೇ ನಂಬರಿನ ಅಸ್ಟಾ ಮನೆ ಖಾಲಿ ಮಾಡಿ ಮಗಳ ಊರಿಗೇ ಹೋದಳು. ಎಲ್ಲರೂ ಬಾಗಿಲವರೆಗೆ ಹೋಗಿ ಕಳಿಸಿದೆವು. ಸೂಜಿ ಹಾಕಿಸಿದರೂ ಎಡಗಣ್ಣು ಇಳಿಯುತ್ತಿದೆ.

ಆಗಸ್ಟ್ 4, ಸೋಮವಾರ

ಬರೆಯಲೇಬೇಕು, ಇದ್ದದ್ದು ಇದ್ದ ಹಾಗೆ.

ಬೆಳಿಗ್ಗೆ ಏಳಕ್ಕೆ ನಡುಮನೆಗೆ ಹೋದೆ. ಎರಡನೇ ಸಾಲು, ಎಡದಿಂದ ನಾಲ್ಕು. ತಿರುಗಿಸಿದೆ. ಮನೆಗೆ ಬಂದು ಗಂಜಿ ಮಾಡಿಕೊಂಡು, ಹಿತ್ತಲಿನಲ್ಲಿ ಬಟ್ಟೆ ಹರವುತ್ತಿದ್ದೆ. ಫೋನು ಬಡಿದುಕೊಂಡಿತು, ಏನೋ ಮಾರುವವರಿರಬೇಕೆಂದು ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲು ಬಡಿತ, ಆಮೇಲೆ ಬೀಗ ತಿರುಗಿತು. ರಿಗ್ಮೋರ್, ಹಿಂದೆ ಎಬ್ಬೆ.

"ಇದ್ದೀಯಾ?" ಅಂದಳು.

"ಸತ್ತಿದ್ದೀನಿ, ಕಾಣಲ್ವಾ," ಅಂದೆ.

"ನಿನ್ನ ಬಿಲ್ಲೆ ಕೆಂಪಗಿದೆ, ಥೀರಾ."

ಅಷ್ಟು ಸಾಕಾಯಿತು ನನಗೆ. ನಿಲ್ಲಿಸಿಕೊಂಡು ಬೈದೆ. ಏಳು ಗಂಟೆಗೆ ನನ್ನ ಕೈಯಾರೆ ತಿರುಗಿಸಿದ್ದೇನೆ, ಮೂವತ್ತಾರು ವರ್ಷ ಒಂದು ಟಿಕೆಟ್ ತಪ್ಪಾಗಿ ನೋಡಿದವಳಲ್ಲ, ಕಣ್ಣು ನೆಟ್ಟಗಿರುವವರು ಯಾರಾದರೂ ಇದ್ದರೆ ಹಲಗೆ ನೋಡಲು ಕಳಿಸಿ ಅಂದೆ. ಹೌದು, ಕಣ್ಣು ನೆಟ್ಟಗಿರುವವರು ಎಂದೇ ಅಂದೆ. ಕಾಲು ಗಂಟೆ ಬಿಡದೆ ಬೈದಿರಬೇಕು. ಬಾಗಿಲಲ್ಲಿ ಇಬ್ಬರೂ ತಲೆ ತಗ್ಗಿಸಿ ನಿಂತಿದ್ದರು. ಆಮೇಲೆ "ಬನ್ನಿ, ತೋರಿಸ್ತೀನಿ" ಎಂದು ಎಳೆದುಕೊಂಡು ಹೋದೆ. ಹಲಗೆಯ ಮುಂದೆ ನಿಂತು ಬೆರಳಿಟ್ಟೆ. "ಇದೇನು ಮತ್ತೆ? ಬಿಳಿ ಅಲ್ವಾ?"

ರಿಗ್ಮೋರ್ ಮೆಲ್ಲಗೆ ಹೇಳಿದಳು. "ಥೀರಾ, ಅದು ಎಸ್ಕಿಲಂದು."

ನಿನ್ನೆ ಎಬ್ಬೆ ಅಸ್ಟಾಳ ಬಿಲ್ಲೆ ತೆಗೆದು, ಸಾಲಿನಲ್ಲಿ ಖಾಲಿ ಕಾಣಬಾರದೆಂದು ಮಿಕ್ಕವನ್ನು ಒಂದೊಂದು ಮೊಳೆ ಎಡಕ್ಕೆ ಸರಿಸಿದ್ದ. ನನ್ನದು ಮೂರನೆಯದಾಗಿತ್ತು. ನಾಲ್ಕನೆಯದು ಎಸ್ಕಿಲನದು. ಒಂಬತ್ತಕ್ಕೆ ಹಲಗೆ ನೋಡಿದವರಿಗೆ ಎಸ್ಕಿಲ್ ಎದ್ದಿದ್ದಾನೆ, ಥೀರಾ ಎದ್ದಿಲ್ಲ. ಬೆಳಿಗ್ಗೆಯಿಂದ ಅವನನ್ನು ಯಾರೂ ಕಂಡಿರಲಿಲ್ಲ. ಸಿಳ್ಳೆಯೂ ಕೇಳಿಸಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.

ಓಡಿದೆವು. ಬಚ್ಚಲುಮನೆಯ ಕಲ್ಲುನೆಲದ ಮೇಲೆ ಬಿದ್ದಿದ್ದ. ಸೊಂಟದ ಮೂಳೆ ಮುರಿದಿದೆ. ಆರೂವರೆಯಿಂದ ಹಾಗೇ ಬಿದ್ದಿದ್ದನಂತೆ, ತುಟಿ ನೀಲಿಗಟ್ಟಿ, ಕೂಗಲೂ ಉಸಿರಿಲ್ಲದೆ. ನಾವು ಒಳಗೆ ಹೋದಾಗ ಹತ್ತಕ್ಕೆ ಇನ್ನು ಹತ್ತು ನಿಮಿಷ. ಅವನ ಬಿಲ್ಲೆ ಕೆಂಪಗೇ ಇದ್ದಿದ್ದರೆ ಒಂಬತ್ತೂ ಐದಕ್ಕೆ ಹೋಗಿರುತ್ತಿದ್ದರು.

ಆಂಬುಲೆನ್ಸ್ ಹೋದ ಮೇಲೆ ಎಬ್ಬೆ ಹುಲ್ಲಿನ ಮೇಲೆ ಕೂತುಬಿಟ್ಟ. "ನನ್ನ ತಪ್ಪು. ಸರಿಸಿದ್ದೀನಿ ಅಂತ ಎಲ್ಲರಿಗೂ ಹೇಳ್ಬೇಕಿತ್ತು," ಅಂದ.

ಹೆಸರು ಓದಬಲ್ಲವರಿಗೆ ಬಿಲ್ಲೆ ಎಲ್ಲಿದ್ದರೇನು ಎಂದು ಹೇಳಬೇಕಿತ್ತು. ನನ್ನ ಬಾಯಿಗೆ ಬಂದದ್ದು "ನನಗೂ ಏನೋ ಗಮನ ಇರ್ಲಿಲ್ಲ" ಎಂಬ ಮಾತು.

ಆಗಸ್ಟ್ 5

ಶಸ್ತ್ರಚಿಕಿತ್ಸೆ ಆಯಿತಂತೆ. ಬದುಕಿದ್ದಾನೆ. ದೇವರಿಗೆ, ಡಾಕ್ಟರಿಗೆ, ಯಾರಿಗೆ ಸಲ್ಲಬೇಕೋ ಅವರಿಗೆ ಕೈ ಮುಗಿದೆ.

ಎಬ್ಬೆ ಊಟಕ್ಕೆ ಬರಲಿಲ್ಲ.

ಆಗಸ್ಟ್ 6

ಇಂದೂ ಬರಲಿಲ್ಲ. ಇಡೀ ಮೇಜಿನವರು ಎಬ್ಬೆಯ ಮರೆವಿನ ಬಗ್ಗೆ ಮಾತಾಡಿದರು, ಪಾಪ ಅಂದರು. ನಾನು ಆಲೂಗಡ್ಡೆ ತಿಂದೆ.

ಆಗಸ್ಟ್ 7

ಆಲ್ಬೋರ್‌ನಿಂದ ಅಣ್ಣನ ಮಗಳು ಮಾಲೆನೆ ಫೋನು ಮಾಡಿದ್ದಳು.

"ಅತ್ತೆ, ಅಲ್ಲಿ ಸರಿಹೋಗದಿದ್ರೆ ನಮ್ಮನೆ ಕೆಳಗಿನ ಕೋಣೆ ಖಾಲಿನೇ ಇದೆ. ಒಂದ್ಮಾತು ಹೇಳಿ, ಬಂದು ಕರ್ಕೊಂಡು ಹೋಗ್ತೀನಿ."

ಒಳ್ಳೆಯ ಹುಡುಗಿ. ಆ ಕೋಣೆ ನನಗೆ ಗೊತ್ತು. ಬಟ್ಟೆ ಒಗೆಯುವ ಯಂತ್ರದ ಪಕ್ಕದ್ದು, ಕಿಟಕಿ ಎತ್ತರದಲ್ಲಿ. ಮನೆಯವರೆಲ್ಲ ಬೆಳಿಗ್ಗೆ ಏಳಕ್ಕೆ ಹೋದರೆ ಸಂಜೆ ಆರಕ್ಕೆ ಬರುವವರು. ಬಾಯಿ ಬಿಟ್ಟರೆ ನನಗಿರುವುದು ಆ ಕೋಣೆ. ಬಿಡದಿದ್ದರೆ ಎಬ್ಬೆಯ ಹೆಗಲ ಮೇಲೆ ನನ್ನ ಹೊರೆ. "ಯೋಚ್ನೆ ಮಾಡ್ತೀನಿ ಮಗಾ," ಅಂದೆ.

ಆಗಸ್ಟ್ 9, ಶನಿವಾರ

ಆಸ್ಪತ್ರೆಗೆ ಹೋಗಿದ್ದೆ. ಮೂರನೇ ಮಹಡಿ, ಬಾಗಿಲ ನಂಬರು ಕಾಣದೆ ಎರಡು ತಪ್ಪು ಕೋಣೆಗೆ ನುಗ್ಗಿ, ಮೂರನೆಯದರಲ್ಲಿ ಸಿಳ್ಳೆ ಕೇಳಿ ನಿಂತೆ. ಕೂರುವುದಕ್ಕೂ ಮುಂಚೆ ಹೇಳಿಬಿಟ್ಟೆ. ಕಣ್ಣು, ಅರ್ಜಿ, ಎಣಿಕೆ, ಸುಳ್ಳು ಗೆಳತಿ, ಎಲ್ಲ.

"ನೀನು ಬೈದಿದ್ದೆಲ್ಲ ಕೇಳಿಸ್ತು ನಂಗೆ," ಅಂದ ಎಸ್ಕಿಲ್. "ಗೋಡೆ ಆಚೆಯಿಂದ. ಪೂರ್ತಿ ಕಾಲು ಗಂಟೆ. ಹತ್ತು ಹೆಜ್ಜೆ ದೂರದಲ್ಲಿ ಕೀಲಿ ಹಿಡ್ಕೊಂಡು ನಿಂತಿದ್ದಾರೆ, ತಪ್ಪು ಬಾಗಿಲಲ್ಲಿ. ನಂಗೆ ಕೂಗೋಕೆ ಆಗ್ತಿಲ್ಲ. ನಿನ್ನ ಬಾಯಿ ಮುಚ್ಚಿಸೋಕೆ ದೇವರ ಹತ್ರ ಕೇಳ್ಕೊಂಡೆ. ಇಪ್ಪತ್ತು ವರ್ಷ ಆಗಿತ್ತು ಅವನ ಹತ್ರ ಏನಾದ್ರೂ ಕೇಳಿ."

ನಾನು ಅತ್ತೆ. ಮುಚ್ಚಿಡುವುದೇನಿದೆ, ಗಟ್ಟಿಯಾಗಿಯೇ ಅತ್ತೆ.

"ಆದ್ರೆ ಒಂದು ಹೇಳ್ಲಾ," ಅಂದ. "ನೀನು ಬೈತಾ ಇರೋವರೆಗೂ ಎಚ್ಚರ ತಪ್ಪಲಿಲ್ಲ ನಂಗೆ. ಮುಂದೆ ಏನಂತಾಳೋ ಅಂತ ಕೇಳಿಸ್ಕೊಳ್ತಾ ಇದ್ದೆ."

"ನನ್ನ ಕ್ಷಮಿಸ್ತೀಯಾ?"

"ನಾನು ಬಚ್ಚಲಲ್ಲಿ ಜಾರಿದ್ದು ನಿನ್ನಿಂದ ಅಲ್ಲ. ಮುಕ್ಕಾಲು ಗಂಟೆ ನಿನ್ನ ಲೆಕ್ಕ, ಅದನ್ನ ಬಿಟ್ಟೆ. ಎಬ್ಬೆಗೆ ಹೇಳಿದ್ಯಾ?"

"ಇಲ್ಲ."

"ನಲವತ್ತು ವರ್ಷ ದನದ ಡಾಕ್ಟರು ನಾನು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋ ವೈದ್ಯ ಮಾತ್ರ ಮಾಡಿಲ್ಲ. ಹೋಗು."

ಇಂಥ ಮನುಷ್ಯನ ಪಕ್ಕದ ಗೋಡೆ ನನಗೆ ಸಿಕ್ಕಿತ್ತಲ್ಲ, ಐದು ತಿಂಗಳಾದರೂ ಸಿಕ್ಕಿತ್ತಲ್ಲ ಎಂದುಕೊಂಡು ಬಸ್ಸಿನಲ್ಲಿ ಬಂದೆ.

ಆಗಸ್ಟ್ 10

ಎಬ್ಬೆಯ ಬಾಗಿಲವರೆಗೆ ಹೋದೆ. ಒಳಗೆ ಬೆಳಕಿತ್ತು. ವಾಪಸು ಬಂದೆ.

ಆಗಸ್ಟ್ 14, ಗುರುವಾರ

ತಿಂಗಳ ಸಭೆ. ನನ್ನ ವಿಷಯವೂ ಇವತ್ತೇ ಬರಬೇಕಿತ್ತು. ಇಲ್ಲಿ ಕೈ ಎತ್ತಿಸಿ ತಲೆ ಎಣಿಸುವ ಪದ್ಧತಿ ಇಲ್ಲ. ವೃತ್ತವಾಗಿ ಕೂತು ಒಬ್ಬೊಬ್ಬರೇ ಹೇಳುತ್ತಾ ಹೋಗುತ್ತಾರೆ, ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ರಿಗ್ಮೋರ್ ಶುರುಮಾಡುವ ಮೊದಲೇ ನಾನು ಎದ್ದು ನಿಂತೆ.

"ಎಬ್ಬೆ ತಪ್ಪೇನೂ ಇಲ್ಲ. ನಂಗೆ ಬಿಲ್ಲೆ ಮೇಲಿನ ಹೆಸರು ಕಾಣಲ್ಲ. ಬಂದಾಗ್ಲಿಂದ್ಲೂ ಕಾಣ್ತಿರ್ಲಿಲ್ಲ. ಜನವರಿಯಲ್ಲೇ ಗೊತ್ತಿತ್ತು. ಅರ್ಜಿಯಲ್ಲಿ ಸುಳ್ಳು ಬರ್ದೆ. ಹತ್ತು ದಿನದಿಂದ ಎಬ್ಬೆ ನನ್ನ ಬದ್ಲು ಒದ್ದಾಡ್ತಿದ್ದಾನೆ, ನಾನು ನೋಡ್ಕೊಂಡು ಸುಮ್ನಿದ್ದೆ. ತಿಂಗಳ ಕೊನೆಗೆ ಹೋಗ್ತೀನಿ."

ಕೂತೆ. ಯಾರೂ ಅಯ್ಯೋ ಅನ್ನಲಿಲ್ಲ, ಹೌದೇ ಅನ್ನಲಿಲ್ಲ. ಆ ಮೌನ ನನಗೆ ಅರ್ಥವಾಗಲಿಲ್ಲ. ಸುತ್ತು ರಿಗ್ಮೋರಳಿಂದ ಶುರುವಾಯಿತು.

"ನಂಗೆ ಮೊದಲ ಅಡುಗೆ ದಿನವೇ ಗೊತ್ತಾಯ್ತು," ಅಂದಳು. "ನೀನು ಸುಲಿದ ಆಲೂಗಡ್ಡೆ ಅರ್ಧ ಸಿಪ್ಪೆ ಇರ್ತಿತ್ತು. ನಿನ್ನ ಬೆನ್ನ ಹಿಂದೆ ಮತ್ತೆ ಸುಲೀತಿದ್ದೆ."

ಅವಳ ಪಕ್ಕದವನು ಅಡುಗೆ ಪಟ್ಟಿ ದೊಡ್ಡದಾಗಿ ಬರೆಯುತ್ತಿದ್ದದ್ದು ನನಗೋಸ್ಕರ ಅಂದ. ಇನ್ನೊಬ್ಬಳು, ಮೀನಿನ ದಿನ ಮುಳ್ಳಿಲ್ಲದ ತುಂಡು ನನ್ನ ಕಡೆಗೆ ಬರುವ ಹಾಗೆ ತಟ್ಟೆ ತಿರುಗಿಸುತ್ತಿದ್ದಳಂತೆ. ಹಳದಿ ಬಣ್ಣ, ಎಸ್ಕಿಲನ ಬೆಂಕಿಯ ವರ್ಣನೆ, ಎಲ್ಲ ಒಂದೊಂದಾಗಿ ಹೊರಬಿತ್ತು. ಹದಿನೆಂಟು ಜನಕ್ಕೂ ಗೊತ್ತಿತ್ತು. ಗುಟ್ಟು ಮುಚ್ಚಿಡುತ್ತಿದ್ದೇನೆ ಎಂದುಕೊಂಡಿದ್ದವಳು ನಾನೊಬ್ಬಳೇ.

ಕೃತಜ್ಞತೆ ಹುಟ್ಟಬೇಕಿತ್ತು. ಹುಟ್ಟಿದ್ದು ಕೋಪ. ನನ್ನ ಸರದಿ ಅಲ್ಲದಿದ್ದರೂ ಎದ್ದೆ.

"ಗೊತ್ತಿದ್ದೂ ಆ ಹಲಗೆ ಮುಂದೆ ನನ್ನ ಬಿಟ್ರಾ? ಒಬ್ಬರ ಜೀವ ನೇತಾಡೋ ಬಿಲ್ಲೆ, ಕಾಣದವಳು ದಿನಾ ಬಂದು ತಡಕಾಡ್ತಾಳೆ, ನೋಡ್ಕೊಂಡು ಗುಡ್ ಮಾರ್ನಿಂಗ್ ಅಂದ್ರಿ. ಒಬ್ರಿಗಾದ್ರೂ ‘ಥೀರಾ, ನಿಂಗೆ ಕಣ್ಣು ಕಾಣಲ್ಲ’ ಅನ್ನೋಕೆ ಬಾಯಿ ಬರ್ಲಿಲ್ವಾ?"

ಯಾರೂ ನಿಯಮ ಮುರಿದೆ ಅನ್ನಲಿಲ್ಲ. ರಿಗ್ಮೋರಳ ದನಿಯಲ್ಲಿ ನರ್ಸ್ ಇರಲಿಲ್ಲ.

"ನೀನಾಗೇ ಹೇಳ್ಲಿ ಅಂತ ಕಾದ್ವಿ. ಮರ್ಯಾದೆ ಅಂದ್ಕೊಂಡಿದ್ವಿ ಅದನ್ನ. ಹೇಳೋ ಧೈರ್ಯ ಇರ್ಲಿಲ್ಲ, ಅಷ್ಟೇ. ಅರ್ಜಿಯಲ್ಲಿ ಸುಳ್ಳು ಹೇಳಿದ್ದು ನೀನು. ನಿಜ ಗೊತ್ತಿದ್ದೂ ಮುಚ್ಕೊಂಡಿದ್ದು ನಾವು. ಎಸ್ಕಿಲ್ ನೆಲದ ಮೇಲೆ ಬಿದ್ದಿದ್ದು ಇಬ್ಬರ ಮಧ್ಯೆ."

ಆಮೇಲೆ ಸುತ್ತು ಮುಂದುವರಿಯಿತು. ಇರಲಿ ಅಂದರು. ಒಬ್ಬೊಬ್ಬರೂ ಬೇರೆ ಬೇರೆ ಮಾತಿನಲ್ಲಿ, ಇರಲಿ. ಸೊಪ್ಪು ಹೆಚ್ಚುವುದು ಬೇಡ, ಹಿಟ್ಟು ನಾದಲಿ. ಹಲಗೆಗೆ ಅವಳ ಜೊತೆ ಒಬ್ಬರು ಹೋಗಲಿ. ಕೊನೆಯವನು ಎಬ್ಬೆ.

"ಹತ್ತು ದಿನ ನಿದ್ದೆ ಮಾಡಿಲ್ಲ ನಾನು, ಥೀರಾ. ಎಸ್ಕಿಲ್ ಹತ್ರ ಹೋಗಿ ಕ್ಷಮೆ ಕೇಳಿದೆ. ಅವನು ಏನೂ ಹೇಳ್ಲಿಲ್ಲ, ನೀನೇ ಹೇಳ್ಬೇಕು ಅಂತ ಕಾಯ್ತಿದ್ದ ಅಂತ ಈಗ ಗೊತ್ತಾಗ್ತಿದೆ. ನೀನು ಇರ್ಬೇಕು. ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ನಂಗೆ ಕೋಪ ಇದೆ. ಎಷ್ಟು ದಿನ ಇರುತ್ತೋ ಗೊತ್ತಿಲ್ಲ."

ಎದ್ದು ಹೋದ. ನಾನು ಕೂಗಿ ಕ್ಷಮೆ ಕೇಳಿದೆ. ಬಾಗಿಲು ಮುಚ್ಚಿಕೊಂಡ ಮೇಲೆ ಕೇಳಿದೆನೋ ಮೊದಲೇ ಕೇಳಿದೆನೋ ಗೊತ್ತಿಲ್ಲ.

ಆಗಸ್ಟ್ 15

ಮಾಲೆನೆಗೆ ಫೋನು ಮಾಡಿ ಕೋಣೆ ಬೇಡವೆಂದೆ.

"ಅವ್ರು ಒಪ್ಕೊಂಡ್ರಾ ಅತ್ತೆ?"

"ಒಪ್ಕೊಂಡ್ವಿ," ಅಂದೆ. "ಆದ್ರೆ ನಿನ್ನೆ ಸಭೆಯಲ್ಲಿ ನಾವು ಬಹಳ ಹೊತ್ತು ಜಗಳ ಆಡಿದ್ವಿ."

ಬೆಳಿಗ್ಗೆಯಿಂದ ಯೋಚಿಸುತ್ತಿದ್ದೇನೆ. ಐದು ತಿಂಗಳು ಮುಳ್ಳಿಲ್ಲದ ಮೀನು ತಿಂದಿದ್ದೇನೆ, ಒಂದು ದಿನವೂ ಅದೃಷ್ಟ ಇಷ್ಟು ಚೆನ್ನಾಗಿರಲು ಸಾಧ್ಯವೇ ಎಂದು ಅನುಮಾನ ಪಡಲಿಲ್ಲ. ಸಂಜೆ ಒಬ್ಬೊಬ್ಬರ ಬಾಗಿಲಿಗೂ ಹೋಗಿ ಧನ್ಯವಾದ ಹೇಳಿ ಬಂದೆ. ಕೋಪ ಇಳಿದಿದೆ, ಪೂರ್ತಿ ಅಲ್ಲ. ಎಬ್ಬೆಯ ಬಾಗಿಲಲ್ಲೂ ನಿಂತು ಕ್ಷಮೆ ಕೇಳಿದೆ, ಈ ಸಲ ಅವನ ಮುಖದ ಎದುರಿಗೆ. ಕೇಳಿಸಿಕೊಂಡು ಬಾಗಿಲು ಹಾಕಿಕೊಂಡ. ಬಡಿಯಲಿಲ್ಲ, ಮೆಲ್ಲಗೇ ಹಾಕಿದ.

ಆಗಸ್ಟ್ 20

ಹೊಸ ನಿಯಮ ಬಂದಿದೆ: ಕಂಡವರು ಹೇಳಬೇಕು. ಎರಡು ದಿನದಲ್ಲೇ ರಿಗ್ಮೋರಳಿಗೆ ಅವಳ ಕಾಫಿ ನೀರು ಎಂದು, ಆರನೇ ನಂಬರಿನವನಿಗೆ ಅವನ ರೇಡಿಯೋ ಊರಿಗೆಲ್ಲ ಕೇಳಿಸುತ್ತದೆ ಎಂದು ತಿಳಿಸಲಾಗಿದೆ. ಇಬ್ಬರೂ ಮುನಿಸಿಕೊಂಡಿದ್ದಾರೆ. ನಮ್ಮ ಜನಕ್ಕೆ ಅಭ್ಯಾಸವಾಗಲು ಕಾಲ ಬೇಕು.

ನನ್ನ ಬಿಲ್ಲೆಯ ಅಂಚಿನಲ್ಲಿ ಮೂರು ಕಚ್ಚು, ಬೆರಳಿಗೆ ಸಿಗುವ ಹಾಗೆ. ಎಬ್ಬೆ ಮಾಡಿದ್ದು ಎಂದು ರಿಗ್ಮೋರ್ ಹೇಳಿದಳು. ಅಂಗಳದಲ್ಲಿ ಸಿಕ್ಕಾಗ ಧನ್ಯವಾದ ಹೇಳಿದೆ. ಉತ್ತರ ಇಲ್ಲ. ತಲೆ ಆಡಿಸಿದನೋ ಏನೋ. ಆಡಿಸಿದರೆ ನನಗೆ ಕಾಣುವುದಾದರೂ ಹೇಗೆ.

ಆಗಸ್ಟ್ 28

ಎಸ್ಕಿಲ್ ಮನೆಗೆ ಬಂದ, ಊರುಗೋಲಿನ ಚೌಕಟ್ಟು ತಳ್ಳಿಕೊಂಡು. ಹತ್ತೊಂಬತ್ತನೇ ತಟ್ಟೆ ಮತ್ತೆ ಇಟ್ಟೆವು. ನಾಳೆಯ ಅಡುಗೆಗೆ ಅವನು ನಮ್ಮ ಜೊತೆ: ನಾನು ನಾದುವುದು, ಅವನು ಕೂತು ನೋಡುವುದು. ಕುರುಡಿ ಕುಂಟನ ಜೋಡಿ ಎಂದು ಅವನೇ ಹೆಸರಿಟ್ಟಿದ್ದಾನೆ.

ಆಗಸ್ಟ್ 31, ಭಾನುವಾರ

ಇಂದು ಸಹಿ. ಕಾಫಿ, ಕೇಕು, ಮೇಜಿನ ಮೇಲೆ ಕರಾರು. ಇದ್ದುದರಲ್ಲಿ ಒಳ್ಳೆಯ ನೀಲಿ ರೇಷ್ಮೆ ರವಿಕೆ ಹಾಕಿಕೊಂಡು, ಕೂದಲು ಬಾಚಿ, ರೈಲ್ವೆಯವರು ನಿವೃತ್ತಿಗೆ ಕೊಟ್ಟ ಪದಕ ಸಿಕ್ಕಿಸಿಕೊಂಡು ನಡುಮನೆಗೆ ಹೋದೆ. ಎಲ್ಲರೂ ಎದ್ದು ನಿಂತರು. ಆಮೇಲೆ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆ ಮೌನ ನನಗೆ ಈಗ ಗೊತ್ತು.

"ಥೀರಾ," ಅಂದಳು ರಿಗ್ಮೋರ್, ಎಲ್ಲರ ಎದುರಿಗೆ, ಹೇನು ಹುಡುಕುವ ಅದೇ ದನಿಯಲ್ಲಿ. "ರವಿಕೆ ಒಳಗಿಂದು ಹೊರಗೆ ಹಾಕ್ಕೊಂಡಿದ್ದೀಯ. ಹೊಲಿಗೆ ಎಲ್ಲ ಕಾಣ್ತಿದೆ. ಅದರ ಮೇಲೇ ಪದಕ ನೇತಾಡ್ತಿದೆ."

ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ರವಿಕೆ ಬಿಚ್ಚಿ, ಸರಿಯಾಗಿ ತಿರುಗಿಸಿ ಹಾಕಿಕೊಂಡೆ. ಆದದ್ದು ನಾಚಿಕೆ ಅಲ್ಲ. ಸಂತೋಷ. ಹೀಗೆ ನನಗೆ ಮುಖಕ್ಕೆ ಹೇಳುತ್ತಿದ್ದವಳು ಅಮ್ಮ ಒಬ್ಬಳೇ, ಅವಳು ಹೋಗಿ ನಲವತ್ತೊಂದು ವರ್ಷವಾಯಿತು.

ಹೊರಗೆ ಬಂದು ಕೂತೆ. ಕಾಗದದ ಮೇಲೆ ಸಹಿಯ ಗೆರೆ ಎಲ್ಲಿದೆಯೋ ಕಾಣಲಿಲ್ಲ.

"ಗೆರೆ ಎಲ್ಲಿದೆ?" ಅಂದೆ. ಇಷ್ಟು ದಿನ ಬಾಯಿಂದ ಬರದೇ ಇದ್ದ ಪ್ರಶ್ನೆ, ಎಷ್ಟು ಸಲೀಸಾಗಿ ಬಂತು.

"ಇಲ್ಲಿ. ನನ್ನ ಬೆರಳಿನ ಮೇಲ್ಗಡೆ ಬರಿ," ಎಂದು ರಿಗ್ಮೋರ್ ಬೆರಳಿಟ್ಟಳು. ದಪ್ಪ ಪೆನ್ನು ಹಿಡಿದು ನನ್ನ ಪೂರ್ತಿ ಹೆಸರು ಬರೆದೆ. ಅರ್ಧ ಅವಳ ಉಗುರಿನ ಮೇಲೆ ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು, ಎಸ್ಕಿಲ್ ರಾಗವಿಲ್ಲದ ಸಿಳ್ಳೆ ಹಾಕಿದ.

ಸಂಜೆ ಊಟಕ್ಕೆ ಕೂತಾಗ ಎಡಪಕ್ಕದಲ್ಲಿ ಯಾರೋ ಕುರ್ಚಿ ಎಳೆದುಕೊಂಡರು. ಮರದ ಹೊಟ್ಟಿನ ವಾಸನೆ.

"ರಿಗ್ಮೋರ್ ಉಗುರಿನ ಶಾಯಿ ಇನ್ನೂ ತೊಳ್ಕೊಂಡಿಲ್ಲ," ಅಂದ ಎಬ್ಬೆ. "ನಿನ್ನ ಹೆಸರು ಇಟ್ಕೊಂಡೇ ರೊಟ್ಟಿ ತಿಂತಿದ್ದಾಳೆ."

ಹದಿನೇಳು ದಿನಕ್ಕೆ ಅವನಾಗಿ ನನ್ನ ಹತ್ತಿರ ಆಡಿದ ಮೊದಲ ಮಾತು.